ಒಂದಡಿಯೂ ಹಿಂದಕ್ಕಿಲ್ಲ

ಕೈಯಲ್ಲಿರುವ ಕೆಲಸ ಕೆಳಗಿಟ್ಟು ಕೇಳಿ. ಐರ್ಲೆಂಡಿನ ಪಶ್ಚಿಮ ತೀರದ ರಸ್ತೆಯನ್ನು ಕಾರಿನಲ್ಲಿ ಸುತ್ತಿದವರಿದ್ದಾರೆ, ಸೈಕಲ್ಲು ತುಳಿದವರಿದ್ದಾರೆ, ಒಬ್ಬ ಪುಣ್ಯಾತ್ಮ ಕತ್ತೆಯ ಮೇಲೂ ಹೋಗಿದ್ದಾನೆ. ಆದರೆ ಇಪ್ಪತ್ತೆರಡು ಅಡಿ ಉದ್ದದ ಮೋಟರ್‌ಹೋಮನ್ನು ಉತ್ತರದಲ್ಲಿ ಡೊನೆಗಾಲಿನ ತುತ್ತತುದಿಯಿಂದ ದಕ್ಷಿಣದ ಕಿನ್ಸೇಲ್‌ವರೆಗೆ, ಅಷ್ಟೂ ಬಂಡೆ, ಅಷ್ಟೂ ತಿರುವು, ಅಷ್ಟೂ ಕುರಿಗಳ ನಡುವೆ, ಒಂದೇ ಒಂದು ಅಡಿ ಹಿಂದಕ್ಕೆ ತೆಗೆಯದೆ ಓಡಿಸಿದ ಗಂಡು ಈ ಭೂಮಿಯ ಮೇಲೆ ಒಬ್ಬನೇ. ಹೆಸರು ಲೋರ್ಕನ್ ಟಿಯರ್ನಿ. ಊರು ಮಲಿಂಗಾರ್. ನಂಬದವರು ಕೈ ಎತ್ತಿ. ಎತ್ತಿದಿರಾ? ಹಾಗೇ ಹಿಡಿದುಕೊಂಡಿರಿ. ಯಾವಾಗ ಇಳಿಸಬೇಕೆಂದು ನಾನೇ ಹೇಳುತ್ತೇನೆ.

ನಮ್ಮ ಹೀರೋ ಮೂವತ್ತೊಂದು ವರ್ಷ ರೈಲು ಓಡಿಸಿದವನು. ಡಬ್ಲಿನ್‌ನಿಂದ ಸ್ಲೈಗೋ, ಸ್ಲೈಗೋದಿಂದ ಡಬ್ಲಿನ್. ರೈಲಿಗೆ ಸ್ಟಿಯರಿಂಗ್ ಇಲ್ಲ. ಎದುರು ಬಂದವರಿಗೆ ದಾರಿ ಬಿಡುವ ಪದ್ಧತಿ ಇಲ್ಲ. ಕೊನೆಯ ಸ್ಟೇಷನ್ ಬಂದರೆ ಡ್ರೈವರ್ ಇಳಿದು, ಪ್ಲಾಟ್‌ಫಾರ್ಮಿನ ಮೇಲೆ ನಡೆದು ಹೋಗಿ, ಆ ತುದಿಯ ಕ್ಯಾಬಿನಿನಲ್ಲಿ ಕೂರುತ್ತಾನೆ. ಆಗ ಅದೇ ಮುಂದು. ಹೀಗೆ ಮೂವತ್ತೊಂದು ವರ್ಷ ಲೋರ್ಕನ್ ಬರೀ ಮುಂದಕ್ಕೇ ಹೋದ.

ನಿವೃತ್ತಿಯಾದ ಮೇಲೆ ಎಂಟು ತಿಂಗಳು ಅಡುಗೆಮನೆಯ ಕಿಟಕಿಯಲ್ಲಿ ಕೂತು ಬೇರೆಯವರು ಓಡಿಸುವ ರೈಲು ನೋಡಿದ. ಒಂಬತ್ತನೇ ತಿಂಗಳು ಎದ್ದು ಹೋಗಿ ಹಳೆಯ ಮೋಟರ್‌ಹೋಮ್ ಕೊಂಡು ತಂದ. ಎಡಕ್ಕೋ ಬಲಕ್ಕೋ ಎಂದು ತಾನೇ ತೀರ್ಮಾನಿಸಬಹುದಾದ ಗಾಡಿ ಅವನ ಆಯುಷ್ಯದಲ್ಲಿ ಅದೇ ಮೊದಲು. ತಂದ ದಿನವೇ ಅಂಗಳದಲ್ಲಿ ಹಿಂದಕ್ಕೆ ತೆಗೆಯಲು ಹೋಗಿ ಪಕ್ಕದ ಮನೆಯ ಬ್ರೀಜ್ ಎಂಬಾಕೆ ಟೊಮೇಟೊ ಬೆಳೆಯುತ್ತಿದ್ದ ಗಾಜಿನ ಮನೆಯೊಳಗೆ ಹೊಕ್ಕ. ಪೂರ್ತಿ ಹೊಕ್ಕ. ಗಾಡಿ ನಿಂತಾಗ ಹಿಂದಿನ ಕಿಟಕಿಯಿಂದ ಕೈ ಚಾಚಿದರೆ ಟೊಮೇಟೊ ಸಿಗುತ್ತಿತ್ತು. ಬ್ರೀಜ್ ಹಟ ಹಿಡಿದು, ಹಿಂದೆ ಬರುವಾಗ 'ಪೀಂ ಪೀಂ' ಎಂದು ಕೂಗುವ ಪೀಪಿಯೊಂದನ್ನು ಆ ಗಾಡಿಗೆ ಹಾಕಿಸಿದ ಮೇಲೆಯೇ ಅವನನ್ನು ಮಾತಾಡಿಸಿದಳು.

ಸುದ್ದಿ ಕೇಳಿ ಅವನ ಹೆಂಡತಿ ಡಿಂಪ್ನಳ ಅಣ್ಣ ಜಾರ್ಲಥ್ ಬಂದ. ಇವನು ವಿಲನ್. ಪಶ್ಚಿಮ ತೀರದಲ್ಲಿ ಪ್ರವಾಸಿಗರ ದೊಡ್ಡ ಬಸ್ಸು ಓಡಿಸುವವನು. ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದರಲ್ಲಿ ಮೈಕು ಹಿಡಿದು, ಜೋಕು ಹೇಳುತ್ತಾ ರಿವರ್ಸ್ ಹೋಗಬಲ್ಲ ಭೂಪ.

"ರಿವರ್ಸ್ ಬರದೇ ಇರೋನು ಆ ಕಡೆ ರಸ್ತೆಗೆ ಇಳೀಬಾರ್ದು ಲೋರ್ಕನ್," ಎಂದ, ತಂಗಿ ಕೊಟ್ಟ ಟೀ ಹೀರುತ್ತಾ. "ಅಲ್ಲಿ ಎರಡು ಗಾಡಿ ಎದುರಾದ್ರೆ ಒಬ್ಬ ಹಿಂದೆ ಹೋಗ್ಲೇಬೇಕು. ಒಂದು ಕಡೆ ಬಂಡೆ. ಇನ್ನೊಂದು ಕಡೆ ನೇರ ಅಮೆರಿಕ."

"ಎದುರು ಬಂದೋನು ಹೋಗ್ಲಿ."

"ಎದುರು ಬಂದೋನು ನಾನಾದ್ರೆ?"

"ನೀನೂ ಹೋಗು."

"ನಿನ್ನ ಗಾಡಿಗೆ ಒಬ್ಬ ಗಿರಾಕಿ ಇದಾನೆ. ಇವತ್ತೇ ಫೋನ್ ಮಾಡ್ಲಾ?"

"ಇಬ್ರೂ ಬಾಯಿ ಮುಚ್ಚಿ," ಎಂದಳು ಡಿಂಪ್ನ. ಆ ಮನೆಯಲ್ಲಿ ಕೊನೆಯ ಡೈಲಾಗ್ ಯಾವಾಗಲೂ ಅವಳದೇ. "ಲೋರ್ಕನ್, ಹೋಗೋಣ. ಮೇಲಿನ ತುದಿಯಿಂದ ಕೆಳಗಿನ ತುದಿವರೆಗೂ ಹೋಗೋಣ. ಆದ್ರೆ ನಂಗೆ ಇನ್ನೊಂದು ಗಾಜಿನ ಮನೆ ನೋಡೋ ಶಕ್ತಿ ಇಲ್ಲ. ಒಂದೇ ಒಂದಡಿ ಹಿಂದಕ್ಕೆ ತೆಗ್ದೆ ಅಂದ್ರೆ ಬೀಗದ ಕೈ ಜಾರ್ಲಥ್‌ಗೆ. ಅವ್ನು ಮಾರಿ ಬರ್ಲಿ."

"ಒಂದು ಇಂಚೂ ತೆಗೆಯಲ್ಲ," ಎಂದ ಲೋರ್ಕನ್.

ಎರಡು ವಾರ ತಯಾರಿ ನಡೆಯಿತು. ಟೆಂಟಿನ ಕಂಬ, ಮೀನಿನ ಗಾಳ ಇಡಲು ಲೋರ್ಕನ್ ತನ್ನ ಕೈಯಾರೆ ಹಲಗೆಯ ಪೆಟ್ಟಿಗೆ ಮಾಡಿದ. ಆರೂವರೆ ಅಡಿ ಉದ್ದ. ಗಾಳಿಗೆ ಅಡ್ಡ ಬರಬಾರದೆಂದು ಎರಡು ತುದಿ ಸಣ್ಣ, ನಡುವೆ ಅಗಲ. ಕರಿ ಬಣ್ಣ ಬಳಿದ. ಹಳೆಯ ಬೀರುವಿನ ಹಿತ್ತಾಳೆ ಹಿಡಿಗಳನ್ನು ಬಿಚ್ಚಿ ಎರಡು ಬದಿಗೂ ಮೂರು ಮೂರು ಹಾಕಿ, ಗಾಡಿಯ ಮೇಲೆ ಕಟ್ಟಿದ. ಡಿಂಪ್ನ ಒಳಗೆ ಬಿಳಿ ಲೇಸಿನ ಪರದೆ ಹೊಲಿದು ಹಾಕಿದಳು.

"ಲೋರ್ಕನ್, ಮೇಲಿರೋ ಅದು ಹೆಂಗೆ ಕಾಣ್ತಿದೆ ಗೊತ್ತಾ?"

"ಗಟ್ಟಿಯಾಗಿ ಕಾಣ್ತಿದೆ."

ಹೊರಡುವ ಬೆಳಿಗ್ಗೆ ಅವನು ರೈಲಿನ ಸಮವಸ್ತ್ರ ಹಾಕಿಕೊಂಡು ಬಂದ. ಕಪ್ಪು ಕೋಟು, ಕಪ್ಪು ಟೈ, ಕಪ್ಪು ಟೋಪಿ. ಸಮವಸ್ತ್ರ ಕಂಡರೆ ಜನ ದಾರಿ ಬಿಡುತ್ತಾರೆ ಎಂಬುದು ಅವನ ಸಿದ್ಧಾಂತ. ಸ್ಲೋ ಮೋಷನ್ನಿನಲ್ಲಿ ಬಾಗಿಲು ತೆಗೆದು ಹತ್ತಿದ. ಸ್ಲೋ ಮೋಷನ್ ಯಾಕೆಂದರೆ ಮಂಡಿ ನೋವು.

ಐದು ದಿನ ಮಾತು ಉಳಿಸಿಕೊಂಡ. ಹೊರಗೆ ಹೋಗುವ ದಾರಿ ನೇರ ಮುಂದೆ ಕಾಣದಿದ್ದರೆ ಯಾವ ಜಾಗಕ್ಕೂ ಗಾಡಿ ನುಗ್ಗಿಸಲಿಲ್ಲ. ಡೊನೆಗಾಲಿನ ಒಂದು ಕ್ಯಾಂಪಿನಲ್ಲಿ ಗೇಟಿಗೇ ಅಡ್ಡ ಗಾಡಿ ನಿಲ್ಲಿಸಿ ಮಲಗಿದ. ಹದಿನಾಲ್ಕು ಸಂಸಾರಗಳು ಅವನು ಏಳುವುದನ್ನು ಕಾದವು. ಕ್ಯಾಂಪಿನ ಯಜಮಾನ ಬಂದು ಬಾಗಿಲು ಬಡಿದು, "ಸ್ವಲ್ಪ ಹಿಂದೆ ತಗೋತೀರಾ?" ಎಂದು ಕೇಳಿದ್ದಕ್ಕೆ, "ನೀವು ಬೇಕಾದ್ರೆ ಗೇಟು ಹಿಂದೆ ತಗೊಳ್ಳಿ," ಎಂದು ಉತ್ತರ ಹೋಯಿತು.

ಆರನೇ ದಿನ, ಮೇಯೋ ಸೀಮೆಯಲ್ಲಿ, ಕಿಲ್‌ಬ್ರೋನ್ ಎಂಬ ಊರಿನ ಬಳಿ ಕಥೆ ಬಿಸಿಯಾಯಿತು.

ಆ ಊರಿನ ಸುತ್ತ ಸಮುದ್ರಕ್ಕೆ ಚಾಚಿದ ಗುಡ್ಡವನ್ನು ಬಳಸಿ ಒಂದು ರಸ್ತೆಯಿದೆ. ಒಂದೇ ಗಾಡಿ ಹಿಡಿಸುವಷ್ಟು ಅಗಲ, ನಡುವೆ ಹುಲ್ಲು. ದೊಡ್ಡ ಗಾಡಿಗಳೆಲ್ಲ ಉತ್ತರದ ಬಾಯಿಂದ ಹೊಕ್ಕು ದಕ್ಷಿಣಕ್ಕೆ ಬರಬೇಕು ಎಂಬುದು ಅಲ್ಲಿಯ ಬಸ್ಸಿನವರೆಲ್ಲ ಪಾಲಿಸುವ ನಿಯಮ. ಬೋರ್ಡಿನಲ್ಲಿ ಎಲ್ಲೂ ಬರೆದಿಲ್ಲ. ಲೋರ್ಕನ್ ಉತ್ತರದ ತಿರುವನ್ನು ಇಪ್ಪತ್ತು ಅಡಿ ದಾಟಿಬಿಟ್ಟ. ಬೇರೆಯವರಾಗಿದ್ದರೆ ಇಪ್ಪತ್ತು ಅಡಿ ಹಿಂದೆ ಬರುತ್ತಿದ್ದರು. ಇವನು ಹದಿನೆಂಟು ಕಿಲೋಮೀಟರ್ ಮುಂದೆ ಹೋಗಿ ದಕ್ಷಿಣದ ಬಾಯಿಂದ ಹೊಕ್ಕ. ಡಿಂಪ್ನ ತಿರುವುಗಳಿಗೆ ತಲೆ ಸುತ್ತಿ, ಮಾತ್ರೆ ನುಂಗಿ, ಪರದೆ ಎಳೆದುಕೊಂಡು ಹಿಂದಿನ ಹಾಸಿಗೆಯಲ್ಲಿ ನಿದ್ದೆ ಹೋಗಿದ್ದಳು.

ವೇಗ ಗಂಟೆಗೆ ಇಪ್ಪತ್ತು ಕಿಲೋಮೀಟರ್. ಹಿಂದೆ ಒಂದು ಪುಟಾಣಿ ಕೆಂಪು ಕಾರು ಸಿಕ್ಕಿಬಿತ್ತು. ಅದರ ಹಿಂದೆ ನಲ್ಲಿ ರಿಪೇರಿಯವನ ವ್ಯಾನು, ಒಂದು ಟ್ರ್ಯಾಕ್ಟರು, ಇನ್ನೂ ನಾಲ್ಕು ಕಾರು. ನಿಧಾನದ ಗಾಡಿಗಳು ಪಕ್ಕಕ್ಕೆ ಸರಿದು ನಿಲ್ಲಲು ಅಲ್ಲಲ್ಲಿ ಜಾಗ ಮಾಡಿದ್ದರು. ಸರಿದರೆ ಮತ್ತೆ ರಸ್ತೆಗೆ ಬರಲು ಹಿಂದೆ ತೆಗೆಯಬೇಕಾದೀತು ಎಂದು ಲೋರ್ಕನ್ ಆ ಜಾಗಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ. ಮುಕ್ಕಾಲು ಗಂಟೆ ಸಹಿಸಿಕೊಂಡ ಕೆಂಪು ಕಾರಿನವನು ಹಾಡಹಗಲಲ್ಲಿ ಹೆಡ್‌ಲೈಟ್ ಹಾಕಿದ. ಅವನನ್ನು ನೋಡಿ ನಲ್ಲಿಯವನು ಹಾಕಿದ. ಅವನನ್ನು ನೋಡಿ ಟ್ರ್ಯಾಕ್ಟರ್ ಹಾಕಿತು. ಏಳು ಗಾಡಿ, ಹದಿನಾಲ್ಕು ದೀಪ.

ಆ ಸೀಮೆಯಲ್ಲಿ ಹಗಲು ದೀಪ ಉರಿಸಿಕೊಂಡು ಸಾಲಾಗಿ ಆಮೆಯಂತೆ ಹೋಗುವ ಗಾಡಿಗಳಿಗೆ ಒಂದೇ ಅರ್ಥ. ಶವಯಾತ್ರೆ.

ಮೊದಲು ನೋಡಿದವನು ಗದ್ದೆ ಬದಿಯಲ್ಲಿ ಒಲೆಗೆ ಹಾಕುವ ಜವುಗು ಮಣ್ಣಿನ ಇಟ್ಟಿಗೆ ಪೇರಿಸುತ್ತಿದ್ದ ಒಬ್ಬ ಮುದುಕ. ಮುಂದೆ ಬಿಳಿ ಲೇಸಿನ ಗಾಡಿ, ಅದರ ಮೇಲೆ ಹಿತ್ತಾಳೆ ಹಿಡಿಯ ಕರಿ ಪೆಟ್ಟಿಗೆ, ಸ್ಟಿಯರಿಂಗಿನಲ್ಲಿ ಕಪ್ಪು ಟೈ. ಅವನು ನೆಟ್ಟಗೆ ನಿಂತ, ಟೋಪಿ ತೆಗೆದ, ಶಿಲುಬೆ ಗುರುತು ಹಾಕಿಕೊಂಡ, ಪದ್ಧತಿಯಂತೆ ಗಾಡಿಯ ಜತೆ ಮೂರು ಹೆಜ್ಜೆ ನಡೆದ. ಲೋರ್ಕನ್ ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ ಗೌರವ ಸ್ವೀಕರಿಸಿದ. ಮುಂದೆ ರಸ್ತೆ ಕೆಲಸದವರು ಯಂತ್ರ ನಿಲ್ಲಿಸಿ ತಲೆ ತಗ್ಗಿಸಿದರು. ಲೋರ್ಕನ್ ಇನ್ನೊಂದು ಬೆರಳೆತ್ತಿದ. ಮೂವತ್ತೊಂದು ವರ್ಷದ ಸೇವೆಗೆ ಕೊನೆಗೂ ಈ ದೇಶಕ್ಕೆ ಬುದ್ಧಿ ಬಂತು ಎಂದುಕೊಂಡ.

ಊರೊಳಗೆ ಅಟ್ರಾಕ್ಟ ಮನ್ನೆಲಿಯ ಅಂಗಡಿ. ಮುಂದೆ ದಿನಸಿ, ಒಳಗೆ ಬಾರು, ಹಿತ್ತಲಲ್ಲಿ ಶವಪೆಟ್ಟಿಗೆ. ಹುಟ್ಟಿದಾಗ ಹಾಲು, ಬೆಳೆದಾಗ ಬಿಯರು, ಸತ್ತಾಗ ಹಲಗೆ, ಎಲ್ಲ ಅವಳ ಹತ್ತಿರವೇ. ರೇಡಿಯೋದಲ್ಲಿ ದಿನಕ್ಕೆ ಎರಡು ಸಲ ಓದುವ ಮರಣ ವಾರ್ತೆಯನ್ನು ಅವಳು ಒಂದು ದಿನವೂ ತಪ್ಪಿಸಿದವಳಲ್ಲ. ಅಂಥವಳ ಬಾಗಿಲ ಮುಂದೆ ಅವಳಿಗೇ ಗೊತ್ತಿಲ್ಲದ ಹೆಣ.

"ಯಾರು ಮಾರ್ಟಿ?" ಎಂದಳು, ಬಾಗಿಲಿಗೊರಗಿ ಬಿಯರ್ ಹಿಡಿದಿದ್ದ ಗಿರಾಕಿಗೆ.

"ನಿಂಗೆ ಗೊತ್ತಿರ್ಬೇಕಲ್ಲ."

"ನಂಗೆ ಗೊತ್ತು. ನಿಂಗೆ ಗೊತ್ತಾ ಅಂತ ಕೇಳ್ದೆ."

"ನಂಗೂ ಗೊತ್ತು."

"ಹಂಗಾದ್ರೆ ಹೇಳು."

"ನೀನೇ ಹೇಳು. ನಿನ್ನ ಬಾಯಲ್ಲಿ ಕೇಳಿದ್ರೆ ಒಂಥರಾ ಸಮಾಧಾನ."

ಇಬ್ಬರೂ ಕತ್ತು ಚಾಚಿ ಪೆಟ್ಟಿಗೆ ನೋಡಿದರು.

"ಪಾಪ," ಎಂದಳು ಅಟ್ರಾಕ್ಟ.

"ಪಾಪ," ಎಂದ ಮಾರ್ಟಿ. "ಇಂಥಾ ಜೀವ ಇನ್ನೊಂದು ಹುಟ್ಟಲ್ಲ ಬಿಡು."

"ಇಷ್ಟು ಬೇಗ ಆಗ್ಬಾರ್ದಿತ್ತು."

"ಒಂದ್ ರೀತೀಲಿ ಹೋಗಿದ್ದೇ ಒಳ್ಳೇದಾಯ್ತು ಅನ್ನು. ನರಳ್ಲಿಲ್ಲ."

"ಪೆಟ್ಟಿಗೆ ನೋಡಿದ್ಯಾ? ವಾರ್ನಿಶ್ ಇಲ್ಲ. ಯಾವನೋ ಹೊರಗಿನೋನ ಹತ್ರ ಮಾಡ್ಸಿದಾರೆ. ನನ್ನ ಕೇಳಿದ್ರೆ ಓಕ್ ಮರದ್ದು ಕೊಡ್ತಿದ್ದೆ."

ಆ ಊರಿನಲ್ಲಿ ಸಾಲಕ್ಕೆ ಕ್ಷಮೆ ಇದೆ, ಕುಡಿತಕ್ಕೆ ಕ್ಷಮೆ ಇದೆ, ಸಾವಿಗೆ ಹೋಗದವರಿಗೆ ಇಲ್ಲ. ಯಾರು ಸತ್ತರು ಎಂದು ಕೇಳುವುದು ಅದಕ್ಕಿಂತ ದೊಡ್ಡ ಅವಮಾನ. ಅಟ್ರಾಕ್ಟ ಅಂಗಡಿಯ ಬಾಗಿಲೆಳೆದು, ಕರಿ ಕೋಟು ತೊಟ್ಟು, ಸಮುದಾಯ ಭವನದ ಹೆಂಗಸರಿಗೆ ಸಾವಿನೂಟದ ಸ್ಯಾಂಡ್‌ವಿಚ್ ಕೊಯ್ಯಲು ಫೋನು ಮಾಡಿ, ಕಾರು ತೆಗೆದು ಸಾಲಿಗೆ ಸೇರಿದಳು. ಯಾರಿಗೆ ಎಂದು ಅವರೂ ಕೇಳಲಿಲ್ಲ. ಎಷ್ಟು ಎಂದಷ್ಟೇ ಕೇಳಿದರು. ಅಟ್ರಾಕ್ಟಳೇ ಹೊರಟ ಮೇಲೆ ಊರು ನಿಲ್ಲುತ್ತದೆಯೇ? ಊರಿನ ಪೊಲೀಸು ಅಡ್ಡರಸ್ತೆಯಲ್ಲಿ ಬೇರೆ ಗಾಡಿಗಳನ್ನು ತಡೆದು ಸೆಲ್ಯೂಟ್ ಹೊಡೆದು, ಚರ್ಚಿಗೆ ದಾರಿ ಸಜ್ಜು ಮಾಡಲು ತನ್ನ ಬೈಕಿನಲ್ಲಿ ಒಳದಾರಿ ಹಿಡಿದ. ಗುಡ್ಡದ ತಿರುವು ಮುಟ್ಟುವಾಗ ಸಾಲಿನಲ್ಲಿ ನಲವತ್ತು ಗಾಡಿ.

ತಿರುವಿನಲ್ಲಿ, ಎದುರಿನಿಂದ, ಜಾರ್ಲಥ್‌ನ ಬಸ್ಸು.

ಇಂಟರ್ವಲ್ ಬೋರ್ಡ್ ಬೀಳಬೇಕಾದ ಜಾಗ ಇದು. ಎರಡು ಗಾಡಿ ಮೂಗಿಗೆ ಮೂಗು. ಒಂದು ಕಡೆ ಬಂಡೆ, ಒಂದು ಕಡೆ ಅಮೆರಿಕ. ಜಾರ್ಲಥ್ ಗಾಡಿಯನ್ನು ಗುರುತಿಸಿ, ನಗುತ್ತಾ, ಗಿರಾಕಿಯ ನಂಬರು ಹುಡುಕುತ್ತಾ ಬಸ್ಸಿಂದಿಳಿದ. ಲೋರ್ಕನ್ ಕಿಟಕಿಯನ್ನು ನಾಲ್ಕು ಇಂಚು ಇಳಿಸಿದ. ಈ ಗಳಿಗೆಗೆಂದು ಅವನು ಎರಡು ವಾರ ಕನ್ನಡಿ ಮುಂದೆ ನಿಂತು ಪಂಚ್ ಡೈಲಾಗ್ ಕಲಿತಿದ್ದ.

ಆದರೆ ಜಾರ್ಲಥ್ ಮೂರನೇ ಹೆಜ್ಜೆಗೆ ನಿಂತ. ಭಾವಮೈದುನನ ಕಪ್ಪು ಟೈ ಕಂಡಿತು. ಮೇಲಿನ ಪೆಟ್ಟಿಗೆ ಕಂಡಿತು. ಹಿಂದೆ ಕಣ್ಣು ಹೋದಷ್ಟು ದೂರ ದೀಪ ಕಂಡಿತು. ಪಕ್ಕದ ಸೀಟಿನಲ್ಲಿ ತಂಗಿ ಕಾಣಲಿಲ್ಲ.

"ಟೋಪಿ ತೆಗಿಯಯ್ಯಾ," ಎಂದಳು ಕಾರಿಳಿದು ಬಂದ ಅಟ್ರಾಕ್ಟ. "ಮರ್ಯಾದೆ ಇಲ್ವಾ?"

ಜಾರ್ಲಥ್ ಟೋಪಿ ತೆಗೆದ. ಫೋನು ಕೈಯಿಂದ ಬಿತ್ತು.

"ಜಾರ್ಲಥ್," ಎಂದ ಲೋರ್ಕನ್, ಗಂಟಲು ಸರಿಮಾಡಿಕೊಂಡು. "ನಾನು ಹಿಂದೆ ಹೋಗಲ್ಲ."

"ಬೇಡ," ಎಂದ ಜಾರ್ಲಥ್. ಟೋಪಿಯನ್ನು ಎದೆಗೊತ್ತಿಕೊಂಡ. "ನೀನ್ಯಾಕೆ ಹೋಗ್ತೀಯ ಲೋರ್ಕನ್. ನಾನು ಹೋಗ್ತೀನಿ."

ಲೋರ್ಕನ್‌ಗೆ ಸ್ವಲ್ಪ ನಿರಾಸೆಯಾಯಿತು. ಇನ್ನೂ ಮೂರು ಡೈಲಾಗ್ ಬಾಕಿಯಿದ್ದವು.

"ನಂಗೆ ಒಂದು ಮಾತು ಹೇಳ್ಲಿಲ್ವಲ್ಲೋ," ಎಂದ ಜಾರ್ಲಥ್.

"ನಮ್ಮನೆ ಟೀ ಕುಡಿಯೋವಾಗ್ಲೇ ಹೇಳಿದ್ನಲ್ಲ. ಎದುರು ಬಂದ್ರೆ ನೀನೂ ಹೋಗು ಅಂತ."

ಜಾರ್ಲಥ್ ಭಾವಮೈದುನನ ಕೆನ್ನೆಯನ್ನು ಕಿಟಕಿಯ ಸಂದಿನಿಂದ ಸವರಿ, ಬಸ್ಸು ಹತ್ತಿದ. ಮೈಕಿನಲ್ಲಿ ಜೋಕಿಲ್ಲ. ಒಂದೂವರೆ ಕಿಲೋಮೀಟರ್, ಅಳುತ್ತಾ, ಆ ಬಸ್ಸನ್ನು ಹಿಂದಕ್ಕೆ ತೆಗೆದುಕೊಂಡು ಹೋದ. ಒಳಗಿದ್ದ ಮೂವತ್ತೆಂಟು ಪ್ರವಾಸಿಗರು ಗಾಜಿಗೆ ಮುಖವೊತ್ತಿ ಫೋಟೋ ತೆಗೆದರು. ಸೋತವನು ಇಷ್ಟು ಅಳಬಾರದು ಎಂದುಕೊಂಡ ಲೋರ್ಕನ್, ಉದಾರವಾಗಿ ಹತ್ತು ಅಡಿ ಅಂತರ ಬಿಟ್ಟ.

ರಸ್ತೆ ಅಗಲವಾಗುವಲ್ಲಿ ಚರ್ಚು. ಮೊದಲೇ ಬಂದು ನಿಂತಿದ್ದ ಪೊಲೀಸು ಎರಡೂ ಕೈಯಿಂದ ಒಳಗೆ ಬಾ ಎಂದ. ಸಮವಸ್ತ್ರದವನು ಕೈ ತೋರಿಸಿದರೆ ಅದು ಸಿಗ್ನಲ್ಲು. ಸಿಗ್ನಲ್ಲು ಬಿದ್ದ ಮೇಲೆ ರೈಲಿನವನು ಪ್ರಶ್ನೆ ಕೇಳುವುದಿಲ್ಲ. ಲೋರ್ಕನ್ ಇಳಿಜಾರಿನ ಅಂಗಳಕ್ಕೆ ನುಗ್ಗಿ, ಕಲ್ಲಿನ ಗೋಡೆಗೆ ಎರಡಡಿ ಬಿಟ್ಟು ನಿಂತ. ಆಗ ಅವನಿಗೆ ಹೊಳೆಯಿತು. ಮುಂದೆ ಗೋಡೆ. ಎಡಕ್ಕೆ ಸಮಾಧಿ, ಬಲಕ್ಕೆ ಸಮಾಧಿ. ಬಂದ ದಾರಿ ಬಿಟ್ಟು ದಾರಿಯಿಲ್ಲ.

ಅಷ್ಟರಲ್ಲಿ ಪಾದ್ರಿ ಫಾದರ್ ಲಾಫ್ಟಸ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಓಡಿ ಬಂದರು. ತಮ್ಮದೇ ಚರ್ಚಿನ ಶವಸಂಸ್ಕಾರ ತಮಗೇ ಗೊತ್ತಿಲ್ಲ ಎಂದು ಅವರೂ ಬಾಯಿಬಿಡಲಿಲ್ಲ. ಆರು ಗಂಡಸರು ಗಾಡಿಯ ಮೇಲೆ ಹತ್ತಿ ಹಗ್ಗ ಬಿಚ್ಚಿದರು.

"ಅದ್ಯಾಕೆ ಇಳಿಸ್ತಿದೀರಾ?" ಎಂದ ಲೋರ್ಕನ್.

"ನೀನು ಸುಮ್ನಿರಪ್ಪ," ಎಂದಳು ಅಟ್ರಾಕ್ಟ, ಅವನ ಬೆನ್ನು ಸವರುತ್ತಾ. "ಈ ಹೊತ್ತಲ್ಲಿ ನಿಂಗೇನೂ ತಿಳಿಯಲ್ಲ."

ಮೇಲೆ ಧಡಧಡ ಸದ್ದು. ಹಿಂದಿನ ಬಾಗಿಲು ತೆರೆಯಿತು. ತಲೆ ಕೆದರಿ, ಶಾಲು ಹೊದ್ದು, ಡಿಂಪ್ನ ಮೆಟ್ಟಿಲ ಮೇಲೆ ಬಂದು ನಿಂತಳು. ಇನ್ನೂರು ಜನ. ಪಾದ್ರಿ. ಪೊಲೀಸು. ಸಮಾಧಿ ಕಲ್ಲು ಹಿಡಿದು ನಿಧಾನವಾಗಿ ಕೆಳಗೆ ಕುಸಿಯುತ್ತಿದ್ದ ಅಣ್ಣ.

"ಲೋರ್ಕನ್," ಎಂದಳು. "ಯಾರು ಸತ್ತಿದ್ದು?"

ಆ ದಿನ ಆ ಪ್ರಶ್ನೆಯನ್ನು ಇಡೀ ಊರಿಗೆ ಕೇಳುವಂತೆ ಬಾಯಿಬಿಟ್ಟು ಕೇಳಿದ ಮೊದಲ ವ್ಯಕ್ತಿ ಅವಳೇ. ಫಾದರ್ ಲಾಫ್ಟಸ್ ಅಟ್ರಾಕ್ಟಳನ್ನು ನೋಡಿದರು. ಅಟ್ರಾಕ್ಟ ಮಾರ್ಟಿಯನ್ನು ನೋಡಿದಳು. ಮಾರ್ಟಿ ತನ್ನ ಬೂಟು ನೋಡಿಕೊಂಡ. ಪೆಟ್ಟಿಗೆಯ ಮುಚ್ಚಳ ತೆಗೆದರು. ನಾಲ್ಕು ಟೆಂಟು ಕಂಬ, ಎರಡು ಗಾಳ, ಒಂದು ಜತೆ ರಬ್ಬರ್ ಬೂಟು.

ಜಾರ್ಲಥ್ ಎದ್ದ. ತಂಗಿಯನ್ನು ತಬ್ಬಿಕೊಂಡ, ಬೈದ, ಮತ್ತೆ ತಬ್ಬಿಕೊಂಡ. ಆಮೇಲೆ ಗೋಡೆ ಕಂಡಿತು. ಗೋಡೆಯ ಮುಂದೆ ಗಾಡಿ ಕಂಡಿತು. ಮುಖದಲ್ಲಿ ಸೂರ್ಯ ಹುಟ್ಟಿದ.

"ಲೋರ್ಕನ್. ಈಗ ತೆಗಿ ಹಿಂದಕ್ಕೆ."

"ತೆಗೆಯಲ್ಲ."

"ನಂಗೇನೂ ಆತುರ ಇಲ್ಲ. ಪೀಪಿ ಒಂದು ಸಲ 'ಪೀಂ' ಅಂದ್ರೆ ಸಾಕು. ಬೀಗದ ಕೈ ಇಲ್ಲಿಗೆ."

"ಇಲ್ಲೇ ಇರ್ತೀನಿ."

"ಎಷ್ಟು ದಿನ?"

"ಪಕ್ಕದೋರೆಲ್ಲ ಎಷ್ಟು ದಿನದಿಂದ ಇದಾರೆ ಕೇಳು. ಯಾರಾದ್ರೂ ದೂರು ಕೊಟ್ಟಿದಾರಾ?" ಎಂದು ಲೋರ್ಕನ್ ಒಳಗೆ ಹೋಗಿ ಗ್ಯಾಸ್ ಹಚ್ಚಿ ಟೀಗೆ ನೀರಿಟ್ಟ.

ಜಾರ್ಲಥ್ ಗೆದ್ದೇಬಿಡುತ್ತಿದ್ದ. ಆದರೆ ವಿಲನ್‌ಗಳೆಲ್ಲ ಮಾಡುವ ತಪ್ಪನ್ನೇ ಮಾಡಿದ. ಒಂದು ಡೈಲಾಗ್ ಜಾಸ್ತಿ ಹೊಡೆದ.

"ನಿಮಗಾದ್ರೂ ಬುದ್ಧಿ ಬೇಡ್ವಾ?" ಎಂದು ಊರಿನ ಕಡೆ ತಿರುಗಿದ. "ನಲವತ್ತು ಗಾಡಿ. ಹೆಣ ಯಾರ್ದು ಅಂತ ಒಬ್ರೂ ಕೇಳ್ಲಿಲ್ವಾ? ಎಂಥಾ ಊರಯ್ಯಾ ಇದು."

ಅಟ್ರಾಕ್ಟ ಕೋಟಿನ ತೋಳು ಮಡಚಿದಳು.

"ನೀನು ಕೇಳಿದ್ಯಾ?" ಎಂದಳು.

ಜಾರ್ಲಥ್ ಒಂದು ಹೆಜ್ಜೆ ಹಿಂದಕ್ಕೆ ಹೋದ.

"ಎಂಥಾ ಊರು ಅಂತ ಹೇಳ್ತೀನಿ ಕೇಳು. ಈ ಅಂಗಳದಿಂದ ಏನು ಹೊರಡ್ಬೇಕಾದ್ರೂ ನಾವು ಹೆಗಲು ಕೊಟ್ಟು ಕಳಿಸೋರು. ಎಂಟು ಜನ ಮುಂದೆ ಬನ್ನಿ. ನೀನೂ ಬಾ. ತಂಗಿಗೆ ಹೆಗಲು ಕೊಡೋಕೆ ಬಂದೋನಲ್ವಾ, ತಂಗಿ ಗಾಡಿಗೆ ಕೊಡು. ಲೋರ್ಕನ್, ಎಂಜಿನ್ ಆಫ್ ಮಾಡು. ಗಾಡಿ ನೀನು ಹಿಂದೆ ತಗೋಬೇಡ. ಊರು ತಗೊಳ್ಳುತ್ತೆ."

"ಡಿಂಪ್ನ, ಇದು ನಡೆಯುತ್ತಾ?" ಎಂದ ಜಾರ್ಲಥ್.

ಡಿಂಪ್ನ ಗಂಡನನ್ನು ನೋಡಿದಳು. ಕಿಟಕಿಯಲ್ಲಿ ಟೋಪಿ ಕಂಕುಳಲ್ಲಿಟ್ಟುಕೊಂಡು, ಟೀ ಲೋಟ ಹಿಡಿದು ಅವನು ನಿಂತಿದ್ದ. "ತಳ್ಳಿದ್ರೆ ಲೆಕ್ಕ ಇಲ್ಲ," ಎಂದಳು. "ಪೀಪಿ ಕೂಗಿದ್ರೆ ಲೆಕ್ಕ."

ಹಿಂದಿನ ನಲವತ್ತು ಗಾಡಿ ಸರಿದವು. ಡಿಂಪ್ನ ದಾರಿ ತೋರಿಸಲು ಗಾಡಿಯ ಹಿಂದೆ ಹೋಗಿ, ಶಾಲನ್ನು ಬಂಪರ್ ಮೇಲೆ ಇಳಿಬಿಟ್ಟು, ಅಷ್ಟು ಜನ ಕೂಡಿದ್ದು ವ್ಯರ್ಥವಾಗಬಾರದೆಂದು ಗಟ್ಟಿ ದನಿಯಲ್ಲಿ ಜಪಮಾಲೆ ಪ್ರಾರ್ಥನೆ ಶುರುಮಾಡಿದಳು. ಇನ್ನೂರು ಜನ ದನಿಗೂಡಿಸಿದರು. ಒಂಬತ್ತು ಹೆಗಲು, ಮೂರೂವರೆ ಟನ್ನು, ಆ ಚಡಾವು. ಗಾಡಿ ಒಮ್ಮೆ ನಡುಗಿ, ಹೂವಿನ ಹಾಗೆ ಹಿಂದಕ್ಕೆ ಹೊರಟಿತು. ಗೇಟು ದಾಟಿತು. ರಸ್ತೆಗೆ ಬಂತು. ಮೂಗು ದಕ್ಷಿಣಕ್ಕೆ ತಿರುಗಿತು. ಎಲ್ಲರೂ ಹೋಗಿ ಸ್ಯಾಂಡ್‌ವಿಚ್ ತಿಂದರು. ಜಾರ್ಲಥ್ ನಾಲ್ಕು ತಿಂದ. ಅಲ್ಲಿಂದ ಕಿನ್ಸೇಲ್‌ವರೆಗೆ ನಮ್ಮ ಹೀರೋ ಮತ್ತೆ ಮುಂದಕ್ಕೇ ಹೋದ. ಶುಭಂ.

ಕೈ ಎತ್ತಿದವರು ಇನ್ನೂ ಎತ್ತಿಕೊಂಡೇ 'ಚಡಾವಿನಲ್ಲಿ ಒಂಬತ್ತು ಜನ ಮೂರೂವರೆ ಟನ್ ತಳ್ಳಿದರಾ?' ಎಂದು ನನ್ನ ಮುಖ ನೋಡುತ್ತಿದ್ದೀರಿ. ಸರಿ ಮಾರಾಯ್ರೇ, ಕೈ ಇಳಿಸಿ, ಕೇಳಿ.

ಹಗಲಲ್ಲಿ ಹೆಡ್‌ಲೈಟ್ ಹಾಕಿದ ಆ ಕೆಂಪು ಕಾರು ನನ್ನದು. ಮುಕ್ಕಾಲು ಗಂಟೆ ಆ ಕರಿ ಪೆಟ್ಟಿಗೆ ನೋಡಿ ನೋಡಿ ಕೈ ಸುಮ್ಮನಿರಲಿಲ್ಲ. ಮಾಡಿದ ತಪ್ಪಿಗೆ ಹೆಗಲು ಕೊಡೋಣ ಎಂದು ಎಂಟರಲ್ಲಿ ಒಬ್ಬನಾಗಿ ನಾನೂ ನಿಂತೆ, ಜಾರ್ಲಥ್‌ನ ಪಕ್ಕದಲ್ಲೇ. ಅವನು ಕಣ್ಣು ಮುಚ್ಚಿ, ನರ ಉಬ್ಬಿಸಿ ತಳ್ಳುತ್ತಿದ್ದ. ಗೇಟಿನಾಚೆ ಅವನದೇ ಬಸ್ಸು ಎಂಜಿನ್ ಆರಿಸದೆ ಗುಡುಗುತ್ತಿತ್ತು. ನನ್ನ ಭುಜ ಮುಂದಿನ ಬಂಪರಿಗೆ ತಾಗಿತ್ತು ನಿಜ. ಭಾರ ಮಾತ್ರ ಒಂದು ಗುಲಗಂಜಿಯಷ್ಟೂ ಬೀಳಲಿಲ್ಲ. ಗಾಡಿ ನಮ್ಮ ಹೆಗಲು ಬಿಟ್ಟು ತಾನೇ ಹತ್ತುತ್ತಿತ್ತು. ಹಿಡಿಯಲು ನಾವೇ ಹಿಂದೆ ಓಡುತ್ತಿದ್ದೆವು. ಮೇಲೆ ಕಿಟಕಿಯಲ್ಲಿ ಲೋರ್ಕನ್ ಟಿಯರ್ನಿಯ ಹಣೆಯಲ್ಲಿ ಬೆವರು, ಕೈ ಗೇರಿನ ಮೇಲೆ. ನಲವತ್ತು ಅಡಿ, ಎರಡು ಸಮಾಧಿ ಸಾಲಿನ ನಡುವೆ, ಒಂದು ಕಲ್ಲಿಗೂ ತಾಗಿಸದೆ ತೆಗೆದ. ಅಷ್ಟು ಚೆನ್ನಾಗಿ ಜಾರ್ಲಥ್‌ಗೂ ಬರುವುದಿಲ್ಲ.

ಹಿಂದಿನ ಬಿಳಿ ದೀಪ ಉರಿಯುತ್ತಿತ್ತು, ಡಿಂಪ್ನಳ ಶಾಲಿನ ಅಡಿಯಲ್ಲಿ. ಪೀಪಿಯೂ ಕೂಗುತ್ತಿತ್ತು. ಬ್ರೀಜ್ ಹಾಕಿಸಿದ್ದು, ಕೂಗದೆ ಇರುತ್ತದೆಯೇ? ಅದು ಬಾಯಿ ತೆರೆದ ಪ್ರತಿ ಸಲವೂ ಡಿಂಪ್ನ ಸ್ವಲ್ಪ ಅವಸರ ಮಾಡಿ ಪ್ರಾರ್ಥನೆ ಮುಗಿಸುತ್ತಿದ್ದಳು. ಪ್ರತಿ ಪೀಂ ಮೇಲೂ ಇನ್ನೂರು ಜನರ ಒಂದು ಆಮೆನ್ ಬೀಳುತ್ತಿತ್ತು.

ಅದರಲ್ಲಿ ಎಲ್ಲಕ್ಕಿಂತ ಜೋರಾದದ್ದು ನನ್ನದು.